ಒಂದು ಬಿಲ್ಲೆಯಷ್ಟು ಜಾಗ

ಗಾಲ್ಫ್ ಎಂಬ ಹುಡುಗ ಹಲಗೆಯ ಮೇಲೆ ಇಟ್ಟ ಸಾಲು ತಪ್ಪೆಂದು ಆ ಮೇಜಿನ ಸುತ್ತ ಇಬ್ಬರಿಗೆ ಮಾತ್ರ ತಿಳಿದಿತ್ತು. ಒಬ್ಬಳು ನಾನು. ತೀರ್ಪುಗಾರ್ತಿಯಾದ ನಾನು ಯಾರಾದರೂ ಕರೆಯುವವರೆಗೆ ಬಾಯಿ ತೆರೆಯುವಂತಿರಲಿಲ್ಲ. ಇನ್ನೊಬ್ಬಳು ಅವನ ಎದುರು ಕುಳಿತಿದ್ದ ಖೈಮುಕ್. ಒಂದು ಮಾತು ಆಡಿದ್ದರೆ ಸಾಕಿತ್ತು, ಆ ಸಾಲು ಹಲಗೆಯಿಂದ ಕೆಳಗಿಳಿಯುತ್ತಿತ್ತು. ಅವಳು ಆಡಲಿಲ್ಲ.

ತ್ರಾಂಗ್ ಪೇಟೆಯ ಮಾಲ್‌ನಲ್ಲಿ, ಮೂರನೆಯ ಮಹಡಿಯ ಚಲಿಸುವ ಮೆಟ್ಟಿಲುಗಳ ಪಕ್ಕ, ಪ್ರತಿವರ್ಷದಂತೆ ಆ ಭಾನುವಾರವೂ ದಕ್ಷಿಣ ಪ್ರಾಂತಗಳ ಶಾಲೆಗಳ ಲೆಕ್ಕದಾಟದ ಅಂತಿಮ ಸುತ್ತು ನಡೆದಿತ್ತು. ಬೆಳಿಗ್ಗೆ ನೂರಿಪ್ಪತ್ತು ಮಕ್ಕಳಿಂದ ತುಂಬಿದ್ದ ಮೇಜುಗಳಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಮಾತ್ರ ಉಳಿದಿತ್ತು. ಉಳಿದ ಮಕ್ಕಳು ಹಗ್ಗದ ಆಚೆ ನಿಂತು ಐಸ್ ಹಾಕಿದ ಚಹಾ ಹೀರುತ್ತಿದ್ದರು.

ಇಪ್ಪತ್ತೇಳು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ; ಅದರಲ್ಲಿ ಹದಿನೆಂಟು ವರ್ಷ ಈ ಆಟಕ್ಕೆ ತೀರ್ಪು ಹೇಳಿದ್ದೇನೆ. ಆಟ ಸರಳವಾದದ್ದು. ಒಬ್ಬೊಬ್ಬರ ಮುಂದೆ ಒಂದು ಮರದ ಪಟ್ಟಿ, ಅದರ ಮೇಲೆ ಎಂಟು ಬಿಲ್ಲೆ. ಕೆಲವು ಬಿಲ್ಲೆಗಳ ಮೇಲೆ ಒಂದು ಅಂಕಿ ಇಲ್ಲವೇ ಹನ್ನೆರಡರಂಥ ಎರಡಂಕಿಯ ಸಂಖ್ಯೆ, ಕೆಲವುಗಳ ಮೇಲೆ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಗುರುತು ಅಥವಾ ಸಮ ಎಂಬ ಚಿಹ್ನೆ. ಹಲಗೆಯ ಮೇಲೆ ಈಗಾಗಲೇ ಇರುವ ಬಿಲ್ಲೆಗೆ ತಾಗುವಂತೆ ಸರಿಯಾದ ಸಮೀಕರಣ ಕಟ್ಟಬೇಕು. ಹಾಗೆ ತಾಗಿ ಉದ್ದವಾದ ಹಳೆಯ ಸಾಲೂ ಸರಿಯಾಗಿಯೇ ಇರಬೇಕು. ಎಂಟನ್ನೂ ಒಮ್ಮೆಲೇ ಇಟ್ಟರೆ ನಲವತ್ತು ಹೆಚ್ಚುವರಿ ಅಂಕ. ಅಂಚಿನ ಕೆಂಪು ಚೌಕ ಮುಟ್ಟಿದ ಸಾಲಿಗೆ ಮೂರು ಪಟ್ಟು. ಇಟ್ಟ ಸಾಲು ತಪ್ಪೆನಿಸಿದರೆ ಎದುರಾಳಿ ಪ್ರಶ್ನಿಸಬೇಕು. ಪ್ರಶ್ನಿಸದೆ ‘ಸರಿ’ ಎಂದುಬಿಟ್ಟರೆ, ಎಂಥ ತಪ್ಪಾದರೂ ಅದು ಹಲಗೆಯ ಮೇಲೆ ನಿಂತೇ ಹೋಯಿತು.

ಈ ಕೊನೆಯ ನಿಯಮದ ಬಗ್ಗೆ ಮಕ್ಕಳು ನನ್ನನ್ನು ಪ್ರತಿವರ್ಷ ಕಾಡುತ್ತಾರೆ. ತಪ್ಪು ಲೆಕ್ಕಕ್ಕೆ ಅಂಕ ಕೊಡುವುದು ಯಾವ ನ್ಯಾಯ ಎಂದು. ಎದುರಿಗಿದ್ದವನು ನೋಡುತ್ತಿರಬೇಕಲ್ಲ ಎಂದು ನಾನು ಹೇಳುತ್ತೇನೆ. ಆ ಉತ್ತರ ನನಗೇ ಪೂರ್ತಿ ಸಮಾಧಾನ ಕೊಟ್ಟದ್ದಿಲ್ಲ.

ಆ ದಿನ ಗೆದ್ದವರಿಗೆ ಟ್ರೋಫಿಗಿಂತ ದೊಡ್ಡದೊಂದು ಸಿಗಲಿತ್ತು. ದಕ್ಷಿಣದ ಒಂದು ವಿಶ್ವವಿದ್ಯಾಲಯ ಗಣಿತ ವಿಭಾಗದಲ್ಲಿ ಒಂದು ಸೀಟನ್ನು ಈ ಪಂದ್ಯದ ವಿಜೇತರಿಗಾಗಿ ಮೀಸಲಿಟ್ಟಿತ್ತು. ಪ್ರವೇಶ ಪರೀಕ್ಷೆ ಇಲ್ಲ, ಶುಲ್ಕವಿಲ್ಲ. ಅಲ್ಲಿಂದ ಬಂದಿದ್ದ ಪ್ರಾಧ್ಯಾಪಕಿ ಅರ್ಜಿಯ ಹಾಳೆಯನ್ನು ನೀಲಿ ಕಡತದಲ್ಲಿಟ್ಟುಕೊಂಡು ಮುಂದಿನ ಕುರ್ಚಿಯಲ್ಲೇ ಕುಳಿತಿದ್ದರು. ಗಾಲ್ಫ್ ಹಾಟ್ ಯಾಯ್‌ನ ದೊಡ್ಡ ಶಾಲೆಯವನು. ಇದು ತಪ್ಪಿದರೂ ಅವನಿಗೆ ಬೇರೆ ದಾರಿಗಳಿದ್ದವು. ಖೈಮುಕ್ ಕಾಂತಾಂಗ್ ಬಂದರಿನ ಸಣ್ಣ ಶಾಲೆಯವಳು. ಸಾಮಾನ್ಯ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆ ಅವಳನ್ನು ಅಭ್ಯಾಸದಲ್ಲೇ ಎರಡು ಸಲ ಕೆಡವಿತ್ತು. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಅವಳ ಸೋದರತ್ತೆ ಮುಂದಿನ ತಿಂಗಳಿಗೇ ಅವಳ ಹೆಸರು ಬರೆಸಿಟ್ಟಿದ್ದಳು. ಈ ಮೇಜು ಬಿಟ್ಟರೆ ಅವಳಿಗೆ ಇನ್ನೊಂದು ಮೇಜು ಇರಲಿಲ್ಲ.

ಆಟ ಮುಗಿಯುತ್ತ ಬಂದಿತ್ತು. ಗಾಲ್ಫ್‌ನದು ಮುನ್ನೂರ ಹನ್ನೆರಡು, ಖೈಮುಕ್‌ಳದು ಇನ್ನೂರ ಐವತ್ತನಾಲ್ಕು. ಚೀಲದಲ್ಲಿ ಹನ್ನೊಂದು ಬಿಲ್ಲೆ. ಖೈಮುಕ್‌ಳ ಪಟ್ಟಿ ನನಗೆ ಕಾಣುತ್ತಿತ್ತು: 3, +, 8, ×, 2, =, 1, 9. ಎಂಟೂ ಸೇರಿ ಚೊಕ್ಕವಾದ ಸಮೀಕರಣ. ಆದರೆ ಅದನ್ನು ಇಡುವುದೆಲ್ಲಿ? ಹಲಗೆ ನಾಲ್ಕೂ ಕಡೆ ಬಿಗಿದುಕೊಂಡಿತ್ತು. ಎರಡು ಸರದಿಗಳಿಂದ ಅವಳು ಆ ಎಂಟನ್ನು ಒಡೆಯಲು ಮನಸ್ಸು ಬಾರದೆ, ಇಡಲು ಜಾಗ ಸಿಗದೆ, ಸರದಿ ಬಿಟ್ಟುಕೊಟ್ಟು ಕುಳಿತಿದ್ದಳು.

ಗಾಲ್ಫ್‌ನ ಗಡಿಯಾರದಲ್ಲಿ ಒಂದೂವರೆ ನಿಮಿಷ ಉಳಿದಿತ್ತು. ಅವನು ಪಟ್ಟಿಯ ಮೇಲೆ ಬಿಲ್ಲೆಗಳನ್ನು ಅತ್ತಿತ್ತ ಸರಿಸುತ್ತಿದ್ದ. ಒಮ್ಮೆ ಬೆರಳುಗಳು ನಿಂತವು. ಆಗಲೇ, ಅವನು ಒಂದು ಬಿಲ್ಲೆಯನ್ನೂ ಹಲಗೆಗೆ ತರುವ ಮೊದಲೇ, ಖೈಮುಕ್ ನಕ್ಕಳು. ತುಟಿಯ ಅಂಚಿನಲ್ಲಿ ಹುಟ್ಟಿ ಅಲ್ಲೇ ಅಡಗಿದ ನಗು. ಅವನು ತಲೆ ಎತ್ತಲಿಲ್ಲ; ನಾನು ನೋಡಿದೆ.

ಅವನು ಇಟ್ಟ. ಹಲಗೆಯ ನಡುಸಾಲಿನಲ್ಲಿ ಮೊದಲಿನಿಂದಲೂ ಇದ್ದ 7 ಅನ್ನು ಬಳಸಿಕೊಂಡು ಎಂಟೂ ಬಿಲ್ಲೆಗಳನ್ನು ಒಂದೇ ಉಸಿರಿಗೆ ಜೋಡಿಸಿದ.

9 + 7 − 12 ÷ 4 = 1

ಗಡಿಯಾರ ಒತ್ತಿ, ಅರವತ್ತೊಂದು ಎಂದ. ಹಗ್ಗದ ಆಚೆ ಅವನ ಶಾಲೆಯ ಮಕ್ಕಳು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಸಾಲಿನ ಕೊನೆಯ ಬಿಲ್ಲೆಗೂ ಹಲಗೆಯ ಅಂಚಿಗೂ ನಡುವೆ ಒಂದೇ ಒಂದು ಖಾಲಿ ಚೌಕ ಉಳಿದಿತ್ತು. ಅದು ಕೆಂಪು ಚೌಕ.

ಭಾಗಾಕಾರ ಮೊದಲು, ಕೂಡು-ಕಳೆ ಆಮೇಲೆ. ಆರನೆಯ ತರಗತಿಯ ಪಾಠ. ಹನ್ನೆರಡನ್ನು ನಾಲ್ಕರಿಂದ ಭಾಗಿಸಿದರೆ ಮೂರು. ಹದಿನಾರರಲ್ಲಿ ಮೂರು ಹೋದರೆ ಹದಿಮೂರು. ಒಂದು ಖಂಡಿತ ಅಲ್ಲ.

ಖೈಮುಕ್‌ಳ ಗಡಿಯಾರ ಓಡುತ್ತಿತ್ತು. ನಾಲ್ಕು ನಿಮಿಷ. ಅವಳು ‘ಸರಿ’ ಎನ್ನುವವರೆಗೆ ಗಾಲ್ಫ್ ಹೊಸ ಬಿಲ್ಲೆಗಾಗಿ ಚೀಲಕ್ಕೆ ಕೈ ಹಾಕುವಂತಿರಲಿಲ್ಲ. ಒಮ್ಮೆ ಹಾಗೆ ಹೇಳಿಬಿಟ್ಟರೆ ಅವಳು ಮತ್ತೆ ಪ್ರಶ್ನಿಸುವಂತಿರಲಿಲ್ಲ. ಪ್ರಶ್ನಿಸಿದರೆ ಅವನ ಅರವತ್ತೊಂದೂ ಹೋಗುತ್ತಿತ್ತು, ಸರದಿಯೂ ಹೋಗುತ್ತಿತ್ತು. ಇಷ್ಟು ಸುಲಭದ ಆಯ್ಕೆಗೆ ಅವಳು ಯೋಚಿಸುತ್ತಿರುವುದಾದರೂ ಏನನ್ನು?

ಮೂರು ನಿಮಿಷ ಹತ್ತು ಸೆಕೆಂಡು. ಅವಳ ಕಣ್ಣು ಹಲಗೆಯ ಬಲ ಅಂಚಿನಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡುತ್ತಿತ್ತು. ಗಾಲ್ಫ್‌ನ ಸಾಲನ್ನು ಅವಳು ನೋಡುತ್ತಲೇ ಇರಲಿಲ್ಲ.

ಆಗ ನನಗೆ ಬೆಳಗಿನ ಒಂದು ಮಾತು ನೆನಪಾಗಿ ಮನಸ್ಸು ಕಹಿಯಾಯಿತು. ಇವರಿಬ್ಬರೂ ಕಾಂತಾಂಗ್‌ನ ಒಂದೇ ಪ್ರಾಥಮಿಕ ಶಾಲೆಯಲ್ಲಿ ಓದಿದವರು; ಐದನೆಯ, ಆರನೆಯ ತರಗತಿಗಳಲ್ಲಿ ಜೋಡಿಯಾಗಿ ಇದೇ ಆಟ ಆಡಿ ಗೆದ್ದವರು. ಆಮೇಲೆ ಅವನು ಹಾಟ್ ಯಾಯ್‌ಗೆ ಹೋದ. ಬೆಳಿಗ್ಗೆ ಮೆಟ್ಟಿಲ ಬಳಿ, ನಡುವೆ ತೂತಿರುವ ನಮ್ಮೂರಿನ ಕೇಕನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದಾಗ ನಾನು ಪಕ್ಕದಲ್ಲೇ ಹಾದುಹೋಗಿದ್ದೆ.

“ಈ ಸಲ ನನ್ನ ಗೆಲ್ಲಿಸ್ಬಿಡು ಮುಕ್. ಮುಂದಿನ ಜನ್ಮದಲ್ಲಿ ನಾನು ನಿನ್ನ ಗೆಲ್ಲಿಸ್ತೀನಿ,” ಎಂದಿದ್ದ ಗಾಲ್ಫ್.

“ಮುಂದಿನ ಜನ್ಮದಲ್ಲಿ ನೀನು ಒಣಮೀನಾಗಿ ಹುಟ್ಟಿದ್ರೆ ನಾನು ಯಾರ ಹತ್ರ ವಸೂಲು ಮಾಡ್ಲಿ?” ಎಂದಿದ್ದಳು ಅವಳು.

ಆಗ ನನಗೂ ನಗು ಬಂದಿತ್ತು. ಈಗ ಬರಲಿಲ್ಲ. ಬೇಕೆಂದೇ ಆಟ ಬಿಟ್ಟುಕೊಟ್ಟರೆಂಬ ಅನುಮಾನ ಬಂದಾಗ ತುಂಬಬೇಕಾದ ಹಳದಿ ಹಾಳೆಯೊಂದು ನನ್ನ ಕೈಯ ಕಡತದಲ್ಲಿತ್ತು. ಹದಿನೆಂಟು ವರ್ಷಗಳಲ್ಲಿ ನಾನದನ್ನು ಒಮ್ಮೆಯೂ ತುಂಬಿದ್ದಿಲ್ಲ. ಅದನ್ನು ತುಂಬಿದರೆ ಸೀಟು ಇಬ್ಬರಿಗೂ ಇಲ್ಲ.

ಎರಡು ನಿಮಿಷ ಐವತ್ತು. ಖೈಮುಕ್ ತನ್ನ ಪಟ್ಟಿಯ ಮೊದಲ ಬಿಲ್ಲೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ತಲೆ ಎತ್ತಿದಳು.

“ಸರಿ. ತಗೋ,” ಎಂದಳು ಗಾಲ್ಫ್‌ಗೆ.

ಗಾಲ್ಫ್ ನಿಯಮದಂತೆ ಚೀಲವನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿದು ಎಂಟು ಬಿಲ್ಲೆಗಳನ್ನು ಎಣಿಸಿ ತೆಗೆದ. ಅಲ್ಲಿಗೆ ಮುಗಿಯಿತು. ಒಂಬತ್ತು, ಏಳು, ಹನ್ನೆರಡು, ನಾಲ್ಕು ಸೇರಿ ಹೇಳಿದ ಸುಳ್ಳು ನಮ್ಮೆಲ್ಲರ ಎದುರು ಸತ್ಯವಾಗಿ ಕುಳಿತಿತು. ಮುನ್ನೂರ ಎಪ್ಪತ್ತಮೂರು, ಇನ್ನೂರ ಐವತ್ತನಾಲ್ಕು. ನಾನು ಕಡತದ ದಾರ ಬಿಚ್ಚಿದೆ.

ಖೈಮುಕ್ ತನ್ನ ಪಟ್ಟಿಯಿಂದ 3 ಅನ್ನು ತೆಗೆದು, ನಡುಸಾಲಿನ ಕೊನೆಯಲ್ಲಿದ್ದ ಆ ಒಂಟಿ ಕೆಂಪು ಚೌಕದ ಮೇಲಿಟ್ಟಳು.

ಅಡ್ಡಸಾಲು ಈಗ ಹೀಗಿತ್ತು: 9 + 7 − 12 ÷ 4 = 13.

ಅವಳ ಕೈ ನಿಲ್ಲಲಿಲ್ಲ. ಆ ಮೂರರಿಂದ ಕೆಳಕ್ಕೆ, ಬಲ ಅಂಚಿನ ಉದ್ದಕ್ಕೂ, ಉಳಿದ ಏಳನ್ನೂ ಒಂದೊಂದಾಗಿ ಇಳಿಸಿದಳು. 3 + 8 × 2 = 19. ಕೊನೆಯ 9 ಮೂಲೆಯ ಕೆಂಪು ಚೌಕದ ಮೇಲೆ ಕೂತಿತು. ಒಂದೇ ಸಾಲಿಗೆ ಎರಡು ಕೆಂಪು ಚೌಕ, ಅಂದರೆ ಒಂಬತ್ತು ಪಟ್ಟು. ಅದನ್ನು ನಾನು ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೆನೇ ಹೊರತು ಅಂತಿಮ ಪಂದ್ಯದಲ್ಲಿ ಕಂಡಿರಲಿಲ್ಲ.

“ಇನ್ನೂರೆರಡು,” ಎಂದು ಅವಳು ಗಡಿಯಾರ ಒತ್ತಿದಳು.

ಗಾಲ್ಫ್ ಹಲಗೆಯನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. ಅವನ ಕಣ್ಣಲ್ಲಿ ಮೂಡಿದ್ದು ಗಾಬರಿಯಲ್ಲ, ಮರುಕ. ಅವನ ಲೆಕ್ಕ ನನಗೆ ಅರ್ಥವಾಯಿತು. ಸರಿಯಾದ ಸಮೀಕರಣದ ತುದಿಗೆ ಇನ್ನೊಂದು ಅಂಕಿ ಸೇರಿಸಿದರೆ ಅದು ಕೆಡಲೇಬೇಕು. ಆದ್ದರಿಂದಲೇ ಅವನು ಆ ಕೆಂಪು ಚೌಕವನ್ನು ಧೈರ್ಯವಾಗಿ ತೆರೆದಿಟ್ಟಿದ್ದ. ಪಾಪ, ಒತ್ತಡದಲ್ಲಿ ಹಳೆಯ ಗೆಳತಿ ಎಡವಿದಳು ಎಂದುಕೊಂಡ. ಗಡಿಯಾರ ನಿಲ್ಲಿಸಿ ಕೈ ಎತ್ತಿದ.

“ಖ್ರು, ಚಾಲೆಂಜ್. ಅಡ್ಡಸಾಲು.” ನಮ್ಮ ಕಡೆ ಶಿಕ್ಷಕರನ್ನು ಕರೆಯುವುದೇ ಖ್ರು ಎಂದು.

ಈಗ ನಾನು ಮಾತಾಡಬಹುದಿತ್ತು. ಆದರೆ ನನಗಿಂತ ಮೊದಲು ಹಗ್ಗದಾಚೆಯಿಂದ ಇನ್ನೊಂದು ಕೈ ಮುಂದೆ ಬಂತು. ಖೈಮುಕ್‌ಳಿಗೆ ಆಟ ಕಲಿಸಿದ ಖ್ರು ಚಮ್ನಾನ್‌ನ ಕೈ. ಅವನು ನನಗಿಂತ ನಾಲ್ಕು ವರ್ಷ ಚಿಕ್ಕವನು, ನನ್ನನ್ನು ‘ಪೀ’, ಅಂದರೆ ಅಕ್ಕ, ಎಂದೇ ಕರೆಯುತ್ತಾನೆ. ಕೈಯಲ್ಲಿ ಅಂಗಡಿಯವರು ಬಳಸುವ ಅಗ್ಗದ ಕ್ಯಾಲ್ಕುಲೇಟರ್ ಹಿಡಿದಿದ್ದ. ಆತಂಕ ತಡೆಯಲಾರದೆ ಆಗಲೇ ಎರಡೂ ಸಾಲುಗಳನ್ನು ಒತ್ತಿ ನೋಡಿದ್ದನೆಂದು ಅವನ ಮುಖವೇ ಹೇಳುತ್ತಿತ್ತು.

“ಪೀ, ಒಂದು ಅಂತ ಬರ್ತಿದೆ,” ಎಂದ ಪಿಸುದನಿಯಲ್ಲಿ. “ಕೆಳಕ್ಕೆ ಇಳಿಸಿರೋ ಸಾಲು ಇಪ್ಪತ್ತೆರಡು ಬರ್ತಿದೆ. ಎರಡೂ ಹೋಯ್ತು.”

ಪಿಸುದನಿಯಾದರೂ ಸುತ್ತಲಿನವರಿಗೆ ಕೇಳಿಸಿತು. ಗಾಲ್ಫ್‌ನ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡರು. ಪ್ರಾಧ್ಯಾಪಕಿ ನೀಲಿ ಕಡತವನ್ನು ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಸರಿಸಿದರು. ಖೈಮುಕ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ತನಗೆ ಈ ಆಟ ಕಲಿಸಿದ ಮನುಷ್ಯನೇ ತನ್ನ ವಿರುದ್ಧ ಸಾಕ್ಷಿ ಹೇಳುತ್ತಿದ್ದರೂ ಅವಳು ಅವನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಅಗ್ಗದ ಯಂತ್ರಕ್ಕೆ ಭಾಗಾಕಾರ ಮೊದಲೆಂಬ ಪಾಠ ಯಾರೂ ಮಾಡಿಲ್ಲ. ಬಂದದ್ದನ್ನು ಬಂದ ಹಾಗೆ ಕೂಡುತ್ತದೆ, ಕಳೆಯುತ್ತದೆ, ಭಾಗಿಸುತ್ತದೆ. ಗಾಬರಿಯಲ್ಲಿ ಚಮ್ನಾನ್ ಕೂಡ ಅದನ್ನು ಮರೆತಿದ್ದ. ಯಂತ್ರವನ್ನು ಜೇಬಿಗೆ ಹಾಕಿಕೋ ಎಂದು ಅವನಿಗೆ ಸನ್ನೆ ಮಾಡಿ, ನಾನು ಬಿಳಿಯ ಚೀಟಿಯ ಮೇಲೆ ಅಡ್ಡಸಾಲನ್ನು ಬರೆದೆ. 12 ÷ 4ರ ಸುತ್ತ ಒಂದು ಗೆರೆ ಎಳೆದು, ಕೆಳಗೆ 3 ಎಂದು ಬರೆದೆ. 9ಕ್ಕೂ 7ಕ್ಕೂ ಗೆರೆ ಎಳೆದು, ಕೆಳಗೆ 16 ಬರೆದೆ. ಚೀಟಿಯನ್ನು ಗಾಲ್ಫ್‌ನ ಕಡೆ ತಿರುಗಿಸಿದೆ.

“ಕೊನೇದು ನೀನೇ ಬರಿ,” ಎಂದೆ.

ಅವನು ಪೆನ್ಸಿಲ್ ತೆಗೆದುಕೊಂಡ. ಬರೆಯಲಿಲ್ಲ. ಚೀಟಿಯನ್ನು, ಹಲಗೆಯನ್ನು, ಮತ್ತೆ ಚೀಟಿಯನ್ನು ನೋಡಿದ. ಅವನ ಕಿವಿಗಳು ನಿಧಾನವಾಗಿ ಕೆಂಪೇರಿದವು. ಕೊನೆಗೆ 13 ಎಂದು ಬರೆದು ಪೆನ್ಸಿಲನ್ನು ಚೀಟಿಯ ಪಕ್ಕಕ್ಕೆ ನೇರವಾಗಿ ಇಟ್ಟ.

“ಸಾಲು ಸರಿಯಿದೆ,” ಎಂದೆ. “ಪ್ರಶ್ನೆ ನಿಲ್ಲಲ್ಲ. ತಪ್ಪಾಗಿ ಪ್ರಶ್ನಿಸಿದ್ದಕ್ಕೆ ಗಾಲ್ಫ್‌ನ ಮುಂದಿನ ಸರದಿ ಹೋಯ್ತು.”

ಆಮೇಲಿನದು ಹೆಚ್ಚು ಹೊತ್ತು ನಡೆಯಲಿಲ್ಲ. ಖೈಮುಕ್ ಚೀಲದಲ್ಲಿ ಉಳಿದ ಮೂರು ಬಿಲ್ಲೆಗಳನ್ನು ತೆಗೆದು, ಎರಡೇ ಸರದಿಗಳಲ್ಲಿ ಇಟ್ಟು ಕೈ ಖಾಲಿ ಮಾಡಿದಳು. ಸಹಿಯ ಚೀಟಿಯಲ್ಲಿ ಅವಳಿಗೆ ನಾನೂರ ಎಪ್ಪತ್ತೊಂಬತ್ತು, ಅವನಿಗೆ ಮುನ್ನೂರ ತೊಂಬತ್ತು. ಸೋತವನು ಮೊದಲು ಸಹಿ ಹಾಕಬೇಕೆಂಬುದು ಇಲ್ಲಿನ ರೂಢಿ. ಗಾಲ್ಫ್ ಹಾಕಿದ. ಇಬ್ಬರೂ ಎದ್ದು ಪರಸ್ಪರ ಕೈ ಮುಗಿದು, ನನಗೂ ಮುಗಿದರು. ಹಗ್ಗದಾಚೆ ಚಮ್ನಾನ್ ಕ್ಯಾಲ್ಕುಲೇಟರನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಅಳುತ್ತಿದ್ದ. ಹಳದಿ ಹಾಳೆಯಿದ್ದ ಕಡತದ ದಾರವನ್ನು ನಾನು ಮತ್ತೆ ಕಟ್ಟಿದೆ. ನನ್ನ ಅನುಮಾನದ ಬಗ್ಗೆ ನನಗೇ ನಾಚಿಕೆಯಾಗಿತ್ತು. ಆದರೆ ನಾಚಿಕೆಗಿಂತ ದೊಡ್ಡದಾಗಿ ಒಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳದೆ ಮನೆಗೆ ಹೋಗುವುದು ನನ್ನಿಂದಾಗುತ್ತಿರಲಿಲ್ಲ.

ಬಿಲ್ಲೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಕೇಳಿದೆ. “ಅವನು ಇಟ್ಟಮೇಲೆ ತಪ್ಪು ಕಾಣ್ತು ಅಂದ್ರೆ ಸರಿ. ಆದ್ರೆ ಅವನು ಇಡೋಕ್ ಮುಂಚೇನೇ ನೀನು ನಕ್ಕೆಯಲ್ಲ, ಅದು ಹೇಗೆ?”

ಖೈಮುಕ್ ಗಾಲ್ಫ್‌ನತ್ತ ಓರೆಗಣ್ಣಿನಿಂದ ನೋಡಿದಳು. ಹೇಳಲೋ ಬೇಡವೋ ಎಂಬಂತೆ.

“ಹೇಳು ಹೇಳು. ಇನ್ನು ನನ್ನ ಹತ್ರ ಕಳ್ಕೊಳ್ಳೋಕೆ ಏನಿದೆ?” ಎಂದ ಅವನು.

“ಸಂದು, ಖ್ರು,” ಎಂದಳು. “ಅವನ ಪಟ್ಟಿಯ ಹಿಂಬದಿಯಿಂದ ನಂಗೆ ಅಂಕಿ ಕಾಣಲ್ಲ, ಬಿಲ್ಲೆಗಳ ತಲೆ ಮಾತ್ರ ಕಾಣತ್ತೆ. ನಾಲ್ಕು ಬಿಲ್ಲೆ ಒಂದು ಕಡೆ, ನಾಲ್ಕು ಇನ್ನೊಂದು ಕಡೆ, ಮಧ್ಯ ಒಂದು ಬೆರಳಷ್ಟು ಸಂದು. ಈ ಆಟದಲ್ಲಿ ಬ್ರಾಕೆಟ್ ಇಲ್ವಲ್ಲ? ಚಿಕ್ಕವರಿದ್ದಾಗ ನಾವಿಬ್ರೂ ಬ್ರಾಕೆಟ್ ಬದ್ಲು ಸಂದು ಬಿಟ್ಟು ಲೆಕ್ಕ ಹಾಕ್ತಿದ್ವಿ. ಮೊದಲ ಗುಂಪು ಇಷ್ಟು, ಅದನ್ನ ಎರಡನೇ ಗುಂಪಿಂದ ಭಾಗಿಸು ಅಂತ. ಹಲಗೆ ಮೇಲೆ ಇಡುವಾಗ ಸಂದು ಮುಚ್ಚಿಹೋಗತ್ತೆ, ಬ್ರಾಕೆಟೂ ಹೋಗತ್ತೆ. ಅದೇ ತಪ್ಪಿಂದ ನಾನು ಎಂಟನೇ ತರಗತೀಲಿ ಮೂರು ಪಂದ್ಯ ಸೋತೆ. ಆಮೇಲೆ ಬಿಟ್ಟೆ. ಇವನು ಯಾವತ್ತೂ ಸೋತಿರ್ಲಿಲ್ಲ, ಅದಕ್ಕೇ ಬಿಟ್ಟಿರ್ಲಿಲ್ಲ.”

“ಸಂದು ಕಂಡ ಕೂಡ್ಲೆ ಇವನು ಸುಳ್ಳು ಇಡ್ತಾನೆ ಅಂತ ಗೊತ್ತಾಯ್ತಾ?”

“ಯಾವ ಸುಳ್ಳು ಅಂತ ಗೊತ್ತಿರ್ಲಿಲ್ಲ. ನಿಜದ ತುದೀಲಿ ಒಂದು ಬಿಲ್ಲೆಗೆ ಜಾಗ ಇರಲ್ಲ ಖ್ರು. ಸುಳ್ಳಿನ ತುದೀಲಿ ಇದ್ರೂ ಇರಬಹುದು ಅಂತ ಕಾಯ್ತಿದ್ದೆ.”

ನನ್ನ ಕೈಯಲ್ಲಿದ್ದ ಬಿಲ್ಲೆಗಳು ಚೀಲದ ಬಾಯಿಯ ಬಳಿಯೇ ನಿಂತವು. ತಪ್ಪು ಲೆಕ್ಕಕ್ಕೇಕೆ ಅಂಕ ಎಂದು ಹದಿನೆಂಟು ವರ್ಷ ಮಕ್ಕಳು ಕೇಳಿದ ಆ ಹಳೆಯ ಪ್ರಶ್ನೆಗೆ ಇಷ್ಟು ಸೊಗಸಾದ ಉತ್ತರವಿರಬಹುದೆಂದು ನಾನು ಎಣಿಸಿರಲಿಲ್ಲ.

ಗಾಲ್ಫ್ ಚೀಲದಿಂದ ಕೆಲವು ಬಿಲ್ಲೆಗಳನ್ನು ವಾಪಸ್ಸು ಆರಿಸಿ ತೆಗೆಯುತ್ತಿದ್ದ. ಅವುಗಳನ್ನು ಪಟ್ಟಿಯ ಮೇಲೆ ನಿಲ್ಲಿಸಿ, ಸಂದು ಬಿಟ್ಟು, ಬೆರಳಿನಿಂದ ದೂಡಿ ಸಂದು ಮುಚ್ಚಿದ. ಮತ್ತೆ ಬಿಟ್ಟ, ಮತ್ತೆ ಮುಚ್ಚಿದ.

“ಇಂಥಾದ್ದು ಇನ್ನೊಂದು ಇರತ್ತಾ?” ಎಂದು ಕೇಳಿದ. ಸೋತವನ ದನಿಯಲ್ಲ ಅದು. “ಒಂದು ಬಿಲ್ಲೆ ಇಟ್ರೆ ನಿಜ ಆಗೋ ಸುಳ್ಳು?”

“ಇರ್ಲೇಬೇಕು. ಎಷ್ಟಿರಬಹುದು ಅನ್ನೋದೇ ಗೊತ್ತಿಲ್ಲ,” ಎಂದಳು ಖೈಮುಕ್, ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು.

ಪ್ರಾಧ್ಯಾಪಕಿ ನೀಲಿ ಕಡತ ತೆರೆದುಕೊಂಡು ಬಂದು ನಿಂತರು. ಅರ್ಜಿಯಲ್ಲಿ ವಿದ್ಯಾರ್ಥಿನಿಯ ಹೆಸರಿನ ಜಾಗ ಖಾಲಿಯಿತ್ತು. ಅಲ್ಲೊಂದು ಸಹಿ ಬೇಕಿತ್ತು. ಖೈಮುಕ್ ಎದ್ದು, ಎರಡೂ ಕೈ ಜೋಡಿಸಿ ನಮಸ್ಕರಿಸಿ, ಪೆನ್ನು ತೆಗೆದುಕೊಂಡು ತನ್ನ ಪೂರ್ತಿ ಹೆಸರನ್ನು ಬರೆದಳು. ಒಂದೊಂದು ಅಕ್ಷರವನ್ನೂ ನಿಧಾನವಾಗಿ, ಆಗಾಗ ನಿಲ್ಲಿಸಿ, ಸರಿಯಾಗಿದೆಯೇ ಎಂದು ನೋಡಿಕೊಂಡು. ಕೊನೆಯ ಅಕ್ಷರ ಮುಗಿಯುತ್ತಲೇ ಪೆನ್ನು ಹಿಂತಿರುಗಿಸಿ ಮತ್ತೆ ಮೇಜಿಗೆ ಬಾಗಿದಳು.

ಪ್ರಾಧ್ಯಾಪಕಿ ಅರ್ಜಿಯನ್ನು ಮಡಚಲಿಲ್ಲ. ಅವರ ಕಣ್ಣೂ ಮೇಜಿನ ಮೇಲಿತ್ತು.

“ಹನ್ನೆರಡು ಕಳೆ ಎಂಟು, ಭಾಗಿಸು ನಾಲ್ಕು, ಸಮ ಒಂದು,” ಎಂದೆ ನಾನು. ನನಗೇ ತಿಳಿಯದೆ ಬಾಯಿಂದ ಬಂದಿತ್ತು.

ಇಬ್ಬರೂ ಒಟ್ಟಿಗೆ ತಲೆ ಎತ್ತಿದರು. ಗಾಲ್ಫ್‌ನ ತುಟಿಗಳು ಅಲುಗಿದವು. ಈ ಸಲ ಅವನು ಭಾಗಾಕಾರವನ್ನೇ ಮೊದಲು ಮಾಡಿದ. ಖೈಮುಕ್ ಆಗಲೇ ಚೀಲದೊಳಗೆ ಕೈಯಿಟ್ಟು ಸೊನ್ನೆಯ ಬಿಲ್ಲೆಗಾಗಿ ತಡಕಾಡುತ್ತಿದ್ದಳು.